ಬಾಗಿಲಿನ ಒಳಮೈಯ ಕನ್ನಡ

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಬಹರೈನಿನಲ್ಲಿ ನಿನ್ನದು ಎಂಥ ಕೆಲಸ ಎಂದು. ಕರೆಂಟಿನ ಕೆಲಸ ಎಂದರೆ ಅವರ ಕಣ್ಣಿಗೆ ಬರುವುದು ಕಂಬ ಹತ್ತುವವರು. ನಾನು ಕಂಬ ಹತ್ತಿದವಳಲ್ಲ. ಮೀಟರುಗಳು ಹೇಳುವುದು ನಿಜವೋ ಸುಳ್ಳೋ ಎಂದು ಎರಡು ಪರದೆಗಳ ಮುಂದೆ ಕೂತು ನೋಡುವವಳು. ಇದನ್ನು ಹೇಳಿದರೆ ಅತ್ತಿಗೆ, "ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಆದ ಮೇಲೆ ಈಚೆಗೆ ನನಗೂ ಹಾಗೇ ಅನಿಸುತ್ತಿದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೆಲದಡಿಯ ಕೇಬಲು, ಸಬ್‌ಸ್ಟೇಷನ್, ಟ್ರಾನ್ಸ್‌ಫಾರ್ಮರು ಎಲ್ಲ ಸೇರಿದ ಜಾಲದ ಒಂದು ನಕಲು ನಮ್ಮ ಕಂಪ್ಯೂಟರಿನಲ್ಲಿದೆ. ಅದಕ್ಕೆ ಮಾಡೆಲ್ ಎನ್ನುತ್ತೇವೆ. ಮೀಟರುಗಳು ಸೆಕೆಂಡು ಸೆಕೆಂಡಿಗೆ ಅಂಕಿ ಕಳಿಸುತ್ತಿರುತ್ತವೆ. ಒಂದು ಕಡೆ ಒಳಗೆ ಬಂದ ಕರೆಂಟು ಅಲ್ಲಿಂದ ಹೊರಗೆ ಹೋದದ್ದಕ್ಕೆ ತಾಳೆಯಾಗಬೇಕು. ಕಾಗದದ ಮೇಲೆ ಆಗುತ್ತದೆ, ನಿಜದಲ್ಲಿ ಒಂದು ದಿನವೂ ಆಗುವುದಿಲ್ಲ. ಒಂದು ಮೀಟರ್ ತಡವಾಗಿ ಮಾತಾಡುತ್ತದೆ, ಇನ್ನೊಂದು ಬಿಸಿಲಿಗೆ ತಲೆ ಕೆಟ್ಟು ಏನೋ ಹೇಳುತ್ತದೆ, ಇನ್ನೊಂದು ಯಾವತ್ತೋ ಸತ್ತಿದ್ದರೂ ನಿನ್ನೆಯ ಅಂಕಿಯನ್ನೇ ಕಳಿಸುತ್ತಿರುತ್ತದೆ. ಆಗ ಪ್ರೋಗ್ರಾಂ ಲೆಕ್ಕ ಹಾಕಿ, ಉಳಿದವರೆಲ್ಲ ಸರಿ, ಈ ಒಬ್ಬ ಸುಳ್ಳು ಹೇಳುತ್ತಿದ್ದಾನೆ, ಬಿಟ್ಟುಬಿಡಿ ಎಂದು ತೀರ್ಪು ಕೊಡುತ್ತದೆ. ಆ ತೀರ್ಪನ್ನು ಒಪ್ಪುವುದು ಅಥವಾ ತಳ್ಳಿಹಾಕುವುದು ನನ್ನ ಕೈಯಲ್ಲಿತ್ತು.

ಇನ್ನು ಸಿ.ಟಿ. ಎಂಬ ವಸ್ತು. ಕೇಬಲಿನ ಸುತ್ತ ದಪ್ಪ ಬಳೆಯ ಹಾಗೆ ಕೂತಿರುತ್ತದೆ. ಒಳಗೆ ಹರಿಯುವ ದೊಡ್ಡ ಕರೆಂಟಿಗೆ ಸರಿಯಾಗಿ ಒಂದು ಚಿಕ್ಕ ಕರೆಂಟನ್ನು ಎರಡು ತಂತಿಗಳಲ್ಲಿ ಮೀಟರಿಗೆ ಕಳಿಸುತ್ತದೆ. ಆ ಎರಡು ತಂತಿ ಅದಲು ಬದಲಾದರೆ ಅಳತೆ ಕೆಡುವುದಿಲ್ಲ, ದಿಕ್ಕು ಮಾತ್ರ ತಿರುಗುತ್ತದೆ. ಕರೆಂಟು ಬಳಸುವ ಬಡಾವಣೆಯೇ ಕರೆಂಟು ಕೊಡುತ್ತಿದೆ ಎಂದು ಮೀಟರ್ ಹೇಳುತ್ತದೆ. ಅಂಕಿಯ ಮುಂದೆ ಒಂದು ಮೈನಸ್ ಬರುತ್ತದೆ, ಅಷ್ಟೆ.

ಸನದ್ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಹೀಗೆಯೇ ಆಗಿತ್ತು. ಅದು ಶುರುವಾದದ್ದು ಹನ್ನೊಂದು ವರ್ಷಗಳ ಹಿಂದೆ, ಜನವರಿಯಲ್ಲಿ. ಆಗ ನಾನು ಪರೀಕ್ಷೆಯ ತಂಡದಲ್ಲಿದ್ದೆ, ಎರಡು ಸೈಜ್ ದೊಡ್ಡದಾದ ನೀಲಿ ಮೇಲಂಗಿಯ ತೋಳು ಮಡಚಿಕೊಂಡು ಓಡಾಡುತ್ತಿದ್ದೆ. ಜನವರಿಯಲ್ಲಿ ಇಲ್ಲಿ ಯಾರೂ ಎ.ಸಿ. ಹಾಕುವುದಿಲ್ಲ, ಸುತ್ತಲಿನ ಹೊಸ ಕಟ್ಟಡಗಳಲ್ಲಿ ಜನವೂ ಇರಲಿಲ್ಲ. ಹರಿಯುವ ಕರೆಂಟು ಎಷ್ಟು ಕಡಿಮೆಯೆಂದರೆ ಯಾವ ದಿಕ್ಕಿಗೆ ಎಂದೇ ಗೊತ್ತಾಗುತ್ತಿರಲಿಲ್ಲ. ಸರಿಯಿದೆ ಎಂದು ಸಹಿ ಹಾಕಿದೆವು. ಮೇ ತಿಂಗಳಲ್ಲಿ ಎ.ಸಿ.ಗಳು ಶುರುವಾದಾಗ ಮೈನಸ್ ಕಾಣಿಸಿತು. ತಂತಿ ತಿರುಗಿಸಬೇಕಾದರೆ ಫೀಡರ್, ಅಂದರೆ ಬಡಾವಣೆಗೆ ಕರೆಂಟು ಒಯ್ಯುವ ಆ ಕೇಬಲ್, ನಿಲ್ಲಿಸಬೇಕು. ಬೇಸಿಗೆಯಲ್ಲಿ ಫೀಡರ್ ನಿಲ್ಲಿಸುತ್ತೇನೆ ಎಂದರೆ ಇಲ್ಲಿ ಹುಚ್ಚರನ್ನು ನೋಡುವ ಹಾಗೆ ನೋಡುತ್ತಾರೆ, ಅಕ್ಟೋಬರಿಗೆ ಬನ್ನಿ ಎನ್ನುತ್ತಾರೆ. ನಾನು ಕಂಪ್ಯೂಟರಿನಲ್ಲಿ ಆ ಮೀಟರಿನ ಸಾಲಿಗೆ ಹೋಗಿ, ಬಂದ ಅಂಕಿಯನ್ನು ಮೈನಸ್ ಒಂದರಿಂದ ಗುಣಿಸು ಎಂದು ಹಾಕಿದೆ. ಎರಡು ನಿಮಿಷದ ಕೆಲಸ.

ಆಮೇಲೆ ಮೀಟರು ಕೂತಿರುವ ಪ್ಯಾನೆಲಿನ ಬಾಗಿಲಿನ ಮೇಲೆ ಬರೆದೆ. ಇದು ನಮ್ಮ ತಂಡದ ಪದ್ಧತಿ. ಏಳು ಮಂದಿಯಲ್ಲಿ ಆರು ಮಂದಿ ಉಡುಪಿ, ಮಂಗಳೂರು ಕಡೆಯವರು. ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಇರಲಿ, ಬರೆಯುವಾಗ ಎಲ್ಲರದ್ದೂ ಕನ್ನಡವೇ. ಡ್ರಾಯಿಂಗಿನಲ್ಲಿ ಇಲ್ಲದ, ಆದರೆ ಮುಂದೆ ಬರುವವನಿಗೆ ಗೊತ್ತಿರಬೇಕಾದ ಸಂಗತಿಯನ್ನು ಪ್ಯಾನೆಲ್ ಬಾಗಿಲಿನ ಒಳಮೈಯಲ್ಲಿ ಪೇಂಟ್ ಮಾರ್ಕರಿನಲ್ಲಿ ಬರೆದಿಡುತ್ತಿದ್ದೆವು. "ಈ ಕೆಂಪು ದೀಪವನ್ನು ನಂಬಬೇಡಿ" ಎಂದೊಂದು ಕಡೆ, "ಮೂರನೇ ಸ್ಕ್ರೂ ಸಡಿಲ, ನಿಧಾನ" ಎಂದು ಇನ್ನೊಂದು ಕಡೆ. ಇಂಗ್ಲಿಷಿನಲ್ಲಿ ಬರೆದರೆ ತಪಾಸಣೆಗೆ ಬರುವ ಸಾಹೇಬರು ಓದುತ್ತಾರೆ. ಓದಿದರೆ ಅದಕ್ಕೊಂದು ಪತ್ರ, ಪತ್ರಕ್ಕೊಂದು ಉತ್ತರ, ಹೊಸ ಡ್ರಾಯಿಂಗು, ಆರು ತಿಂಗಳು. ಕನ್ನಡದಲ್ಲಿದ್ದರೆ ಅವರಿಗೆ ಅದು ಗೀಚಾಟ. ಕಂಪ್ಯೂಟರಿನ ಮಾಡೆಲ್‌ಗಿಂತ ನಮ್ಮ ಬಾಗಿಲುಗಳೇ ಹೆಚ್ಚು ನಿಜ ಹೇಳುತ್ತವೆ ಎಂದು ಊಟದ ಹೊತ್ತಿಗೆ ಜಂಬ ಕೊಚ್ಚಿಕೊಳ್ಳುತ್ತಿದ್ದೆವು. ಸನದ್ ಕಡೆಯ ಆ ಬಾಗಿಲಿನಲ್ಲಿ ನಾನು ಬರೆದದ್ದು ಇಷ್ಟು: "ಇಲ್ಲಿ ತಂತಿ ಉಲ್ಟಾ. ಆಫೀಸಿನಲ್ಲಿ ಸರಿ ಮಾಡಿದ್ದೇನೆ. ತಿರುಗಿಸುವ ಮೊದಲು ನನಗೆ ಫೋನ್ ಮಾಡಿ." ಕೆಳಗೆ ನನ್ನ ಮೊಬೈಲ್ ನಂಬರು.

ಅಕ್ಟೋಬರ್ ಬಂತು, ಹೋಯಿತು. ತಂಡ ಚದುರಿತು, ಒಬ್ಬ ಕೆನಡಾಕ್ಕೆ, ಇಬ್ಬರು ಸೌದಿಗೆ, ಉಳಿದವರು ಊರಿಗೆ. ನನ್ನನ್ನು ಮೇಜಿಗೆ ಕಟ್ಟಿಹಾಕಿದರು. ನಾನು ಆ ಮೈನಸ್ಸನ್ನು ಮರೆತೇಬಿಟ್ಟೆ.

ಈ ವರ್ಷದ ಫೆಬ್ರವರಿಯನ್ನು ನೆನೆದರೆ ಈಗಲೂ ತಲೆ ಸಿಡಿಯುತ್ತದೆ. ಹಳೆಯ ಕಂಪ್ಯೂಟರ್ ವ್ಯವಸ್ಥೆಯಿಂದ ಹೊಸದಕ್ಕೆ ಇಡೀ ಮಾಡೆಲನ್ನು ಸಾಗಿಸುವ ಕೆಲಸ. ಸಾವಿರಾರು ಸಾಲುಗಳು ಹೊಸ ಕಡೆಗೆ ಬಂದವು, ಪಕ್ಕದಲ್ಲಿ ಹನ್ನೊಂದು ವರ್ಷ ನಾವು ಬರೆದಿಟ್ಟ ಟಿಪ್ಪಣಿಗಳು ಬರಲಿಲ್ಲ. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಭುಜಕ್ಕೂ ಕೆನ್ನೆಗೂ ನಡುವೆ ಅದನ್ನು ಸಿಕ್ಕಿಸಿಕೊಂಡು, ಕೇಳಿದ್ದಕ್ಕೆಲ್ಲ "ಆಯ್ತು, ಆಯ್ತು" ಎನ್ನುತ್ತಿದ್ದೆ. ಝಿಂಜ್ ಬಡಾವಣೆಯ ನಮ್ಮ ಮನೆಯಲ್ಲೂ ಅದೇ. ಮಗಳು ಅವಳಪ್ಪನಿಗೆ, "ಡೋಂಟ್ ಆಸ್ಕ್ ಹರ್, ಅಮ್ಮ ಈಸ್ ಇನ್ ಆಯ್ತು ಮೋಡ್" ಎಂದು ನಗಾಡುತ್ತಿದ್ದಳು. ನಗುವ ಶಕ್ತಿ ನನಗಿರಲಿಲ್ಲ.

ಮಾರ್ಚಿನಲ್ಲಿ ಸನದ್ ಕಡೆಯ ಆ ಫೀಡರ್ ಮೈನಸ್ ತೋರಿಸತೊಡಗಿತು. ಈ ಮೀಟರ್ ಸುಳ್ಳು ಹೇಳುತ್ತಿದೆ ಎಂದು ಪ್ರೋಗ್ರಾಂ ಕೂಡಲೇ ಹೇಳಿತು. ಹಿಂದಿನ ಕಾಲವಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಅಲ್ಲಿನ ಗೋದಾಮುಗಳ ಚಾವಣಿಗಳ ಮೇಲೆ ಆಗಷ್ಟೇ ಸಾಲುಸಾಲಾಗಿ ಸೋಲಾರ್ ಹಾಕಿದ್ದರು. ಈಗ ಬಡಾವಣೆಗಳೂ ಕರೆಂಟು ಕೊಡುತ್ತವೆ. ಮೈನಸ್ ಎಂದರೆ ತಪ್ಪು ಎಂದು ಕಣ್ಣು ಮುಚ್ಚಿ ಹೇಳುವ ದಿನ ಹೋಯಿತು. ನಾನು ಪ್ರೋಗ್ರಾಂನ ತೀರ್ಪನ್ನು ತಳ್ಳಿಹಾಕಿ "ಸೋಲಾರ್, ನಂಬಬಹುದು" ಎಂದು ಷರಾ ಬರೆದೆ. ರಾತ್ರಿಯ ಅಂಕಿಗಳನ್ನು ಒಮ್ಮೆ ನೋಡಿದ್ದರೆ ಸಾಕಿತ್ತು. ಸೂರ್ಯನಿಲ್ಲದ ಹೊತ್ತಿನಲ್ಲಿ ಯಾವ ಚಾವಣಿ ಕರೆಂಟು ಕೊಡುತ್ತದೆ? ನಾನು ನೋಡಲಿಲ್ಲ. ನೋಡಬೇಕಾದವಳು ನಾನೊಬ್ಬಳೇ.

ಜೂನ್ ತಿಂಗಳ ಒಂದು ಮಧ್ಯಾಹ್ನ, ಕಂಟ್ರೋಲ್ ರೂಮಿನವರು ನನ್ನ ಷರಾವನ್ನು ನಂಬಿ, ಆ ಕೇಬಲಿನಲ್ಲಿ ಜಾಗವಿದೆ ಎಂದುಕೊಂಡು ಪಕ್ಕದ ಫೀಡರಿನ ಹೊರೆಯನ್ನೂ ಅದರ ಮೇಲೆ ಹಾಕಿದರು. ಜಾಗವೇನೂ ಇರಲಿಲ್ಲ, ಕೇಬಲ್ ಆಗಲೇ ತುಂಬಿತ್ತು. ಮೂರು ಗಂಟೆಗೆ ಫೀಡರ್ ಟ್ರಿಪ್ ಆಯಿತು. ನಾಲ್ಕು ಗಂಟೆ ಹೊತ್ತು ಅಲ್ಲಿನ ಜನ ಮಕ್ಕಳನ್ನೂ ವಯಸ್ಸಾದವರನ್ನೂ ಕಾರಿನಲ್ಲಿ ಕೂರಿಸಿ ಎ.ಸಿ. ಹಾಕಿಕೊಂಡು ಕಾದರು. ಯಾರಿಗೂ ಏನೂ ಆಗಲಿಲ್ಲ, ಅದೊಂದು ಪುಣ್ಯ.

ವಿಚಾರಣೆಯಲ್ಲಿ ಸಿಕ್ಕಿಬಿದ್ದದ್ದು ನಮ್ಮ ಫೋರ್‌ಮನ್. ಕಾರ್ಕಳದ ಕಡೆಯವರು, ನನಗಿಂತ ಹತ್ತು ವರ್ಷ ಚಿಕ್ಕವರು, ನಾಲ್ಕು ವರ್ಷದ ಹಿಂದೆ ಬೇರೆ ಕಂಪನಿಯಿಂದ ಬಂದವರು. ಬಂದ ಮೊದಲ ವಾರದಿಂದ ನನ್ನನ್ನು ಅಕ್ಕ ಎಂದೇ ಕರೆಯುತ್ತಾರೆ. ಪ್ಯಾನೆಲ್ ತೆರೆದು ಕೆಲಸ ಮಾಡಲು ಇಲ್ಲಿ ಒಂದು ಅಧಿಕಾರದ ಕಾರ್ಡ್ ಬೇಕು. ಅದರ ಪರೀಕ್ಷೆಗೆ ಅವರನ್ನು ಕೂರಿಸಿ ತಯಾರು ಮಾಡಿದವಳು ನಾನೇ. ಫೆಬ್ರವರಿಯ ವಾರ್ಷಿಕ ನಿರ್ವಹಣೆಯಲ್ಲಿ ಆ ಪ್ಯಾನೆಲ್ ತೆರೆದವರು ಅವರು, ತಂತಿ ತಿರುಗಿಸಿದವರೂ ಅವರೇ. ಅದಕ್ಕೆ ಮುಂಚೆ ಅಂಕಿ ಸರಿ, ಆಮೇಲೆ ತಪ್ಪು. ಇಷ್ಟು ಸಾಕಿತ್ತು.

"ಡ್ರಾಯಿಂಗ್ ಪ್ರಕಾರವೇ ಮಾಡಿದ್ದೇನೆ" ಎಂದು ಅವರು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಕೇಬಲ್ ಬಾಕ್ಸ್ ತೆರೆದು ನೋಡಿದರೆ ನಿಜ ತಿಳಿಯುತ್ತದೆ, ಆದರೆ ಅದಕ್ಕೂ ಅಕ್ಟೋಬರ್ ಬರಬೇಕು. ಅಲ್ಲಿಯ ತನಕ ಕಾರ್ಡ್ ವಾಪಸು ಎಂದರು. ಕಾರ್ಡ್ ಇಲ್ಲದ ಫೋರ್‌ಮನ್‌ನನ್ನು ಕಂಪನಿ ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ, ಮನೆಮಂದಿಯೆಲ್ಲ ಹೊರಡಬೇಕು. ಅವರ ಮಗಳು ಇಲ್ಲೇ ಹತ್ತನೇ ತರಗತಿಯಲ್ಲಿದ್ದಳು, ನಡು ವರ್ಷದಲ್ಲಿ ಅವಳನ್ನು ಎಲ್ಲಿ ಸೇರಿಸುವುದು? ಜೇಬಿನಿಂದ ಕಾರ್ಡ್ ತೆಗೆದು ಮೇಜಿನ ಮೇಲಿಡುವಾಗ ಅವರು ಒಮ್ಮೆ ನನ್ನ ಕಡೆ ನೋಡಿದರು. ಏನಾದರೂ ಒಳ್ಳೆಯ ಮಾತು ಹೇಳಲಿ ಎಂದು ನೋಡುತ್ತಿದ್ದಾರೆ ಎಂದುಕೊಂಡೆ. ನನಗೆ ಸಾಕಾಗಿತ್ತು. ಕೈಯಲ್ಲಿದ್ದ ಕಾಗದ ನೋಡಿಕೊಂಡು ಕೂತೆ.

ಎಲ್ಲರೂ ಎದ್ದ ಮೇಲೆ ಬಾಸ್ ನನ್ನನ್ನು ನಿಲ್ಲಿಸಿದರು. ಬಹರೈನಿನವರೇ, ನನಗಿಂತ ಚಿಕ್ಕವರು, ದನಿ ಏರಿಸದೆ ಮಾತಾಡುವವರು. "ಅಕ್ಟೋಬರ್ ತನಕ ಇದನ್ನು ಕಂಪ್ಯೂಟರಿನಲ್ಲೇ ಸರಿ ಮಾಡಿಡಲು ಆಗುತ್ತದೆಯೇ?" ಎಂದು ಕೇಳಿದರು. ಆಗುತ್ತದೆ ಎಂದೆ. ಮೇಜಿಗೆ ಬಂದು ಆ ಮೀಟರಿನ ಸಾಲು ತೆರೆದೆ, ಮೈನಸ್ ಒಂದು ಹಾಕೋಣ ಎಂದು.

ಅಲ್ಲಿ ಆಗಲೇ ಮೈನಸ್ ಒಂದು ಇತ್ತು.

ಹನ್ನೊಂದು ವರ್ಷದ ಹಿಂದಿನ ಜನವರಿ, ನೀಲಿ ಮೇಲಂಗಿ, ಮಾರ್ಕರಿನ ವಾಸನೆ ಎಲ್ಲ ಒಟ್ಟಿಗೆ ನೆನಪಾಯಿತು. ಫೋರ್‌ಮನ್ ತಂತಿಯನ್ನು ಸರಿಯಾಗಿಯೇ ಹಾಕಿದ್ದರು. ತಪ್ಪಾಗಿ ಉಳಿದದ್ದು ನನ್ನ ಮೈನಸ್. ಅದನ್ನು ಅಳಿಸಿದೆ. ಪರದೆಯ ಮೇಲೆ ಅಂಕಿ ಪ್ಲಸ್ಸಿಗೆ ಬಂತು, ಸುತ್ತಲಿನ ಲೆಕ್ಕವೆಲ್ಲ ತಾಳೆಯಾಯಿತು. ಬಾಸ್ ದೂರದಿಂದಲೇ ನೋಡಿ "ಶುಕ್ರನ್" ಎಂದು ಕೈಯೆತ್ತಿದರು. ನಾನು ಮೈನಸ್ ಹಾಕಿದೆ ಎಂದು ಅವರು ತಿಳಿದಿದ್ದರು, ನಾನು ತೆಗೆದಿದ್ದೆ. ಎದ್ದು ಹೋಗಿ ಹೇಳಬೇಕಾದದ್ದು ಆ ಕ್ಷಣದಲ್ಲೇ. ಹೇಳಲಿಲ್ಲ.

ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ. ನನಗೆ ಇಲ್ಲಿ ಉಳಿದಿರುವುದು ಎರಡು ವರ್ಷ. ಸುಮ್ಮನೆ ಮುಗಿಸಿ ಮನೆಗೆ ಹೋಗಿ ಮಲಗಬೇಕು ಅನ್ನುವುದು ಬಿಟ್ಟು ಬೇರೆ ಆಸೆ ಇರಲಿಲ್ಲ. ಅಕ್ಟೋಬರಿನಲ್ಲಿ ಬಾಕ್ಸ್ ತೆರೆದಾಗ ತಂತಿ ಸರಿಯಿದೆ ಎಂದು ಹೇಗೂ ಗೊತ್ತಾಗುತ್ತದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟರೊಳಗೆ ಅವರು ಊರಿನಲ್ಲಿರುತ್ತಾರೆ ಎಂದೂ ಗೊತ್ತಿತ್ತು. ಟಿಪ್ಪಣಿಗಳು ಅಳಿದುಹೋಗಿದ್ದವು, ಮೈನಸ್ ಹೋಗಿತ್ತು. ಆ ಮೈನಸ್ ನನ್ನದು ಎಂದು ಹೇಳುವ ವಸ್ತು ಇಡೀ ದ್ವೀಪದಲ್ಲಿ ಒಂದೇ ಇತ್ತು, ಆ ಬಾಗಿಲು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಮೂರನೇ ದಿನ ಬೆಳಿಗ್ಗೆ ಸ್ಟೋರಿನಿಂದ ಪೇಂಟ್ ಅಳಿಸುವ ಥಿನ್ನರಿನ ಒಂದು ಚಿಕ್ಕ ಬಾಟಲಿ ತೆಗೆದುಕೊಂಡು, ಹಳೆಯ ಹತ್ತಿ ಬಟ್ಟೆಯೊಂದನ್ನು ಕಾರಿನಲ್ಲೇ ಅದರಲ್ಲಿ ನೆನೆಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲವನ್ನು ನನ್ನ ಕೈಚೀಲದೊಳಗಿಟ್ಟು ಸನದಿಗೆ ಹೋದೆ.

ಸಬ್‌ಸ್ಟೇಷನ್ನಿನ ಕಾವಲುಗಾರ ರಿಜಿಸ್ಟರ್ ಮುಂದಿಟ್ಟು, "ಅಕೇಲೇ, ಮೇಡಂ?" ಎಂದ. ಕಣ್ಣಿಗೆ ಕಾಣುವುದನ್ನು ನೋಡಿ ಹೋಗುತ್ತೇನೆ ಎಂದೆ, ಅಷ್ಟಕ್ಕೆ ನನ್ನ ಹಳೆಯ ಪಾಸ್ ಸಾಕು. ಒಳಗೆ ಎ.ಸಿ. ಗುಂಯ್ ಎನ್ನುತ್ತಿತ್ತು. ಐದನೇ ಪ್ಯಾನೆಲಿನ ಮೇಲಿನ ಚಿಕ್ಕ ಬಾಗಿಲು ತೆರೆದೆ. ನನ್ನ ಅಕ್ಷರಗಳು ಹಾಗೇ ಇದ್ದವು. ಆಗ ನನ್ನ ಬರವಣಿಗೆ ಎಷ್ಟು ದುಂಡಗಿತ್ತು! ಬಟ್ಟೆಯನ್ನು ಹೊರಗೆ ತೆಗೆದೆ.

ಆಗ ಕೆಳಗಿನ ಸಾಲು ಕಂಡಿತು. ನನ್ನ ಮೊಬೈಲ್ ನಂಬರಿನ ಅಡಿಯಲ್ಲಿ, ಬೇರೆಯವರ ಕೈಬರಹ, ಅದೂ ಕನ್ನಡದಲ್ಲೇ. ಫೆಬ್ರವರಿಯ ಒಂದು ತಾರೀಕು. ಪಕ್ಕದಲ್ಲಿ: "ಫೋನ್ ಮಾಡಿದೆ. ತಿರುಗಿಸಿ, ಆಫೀಸಿನದ್ದು ನಾನು ತೆಗೀತೇನೆ, ಆಯ್ತು ಅಂದ್ರು ಅಕ್ಕ. ತಿರುಗಿಸಿದೆ."

ನಮ್ಮ ಹಳೆಯ ತಂಡದ ಪದ್ಧತಿಯನ್ನು ಯಾರೂ ಫೋರ್‌ಮನ್‌ಗೆ ಕಲಿಸಿರಲಿಲ್ಲ. ಬಾಗಿಲುಗಳನ್ನು ನೋಡಿಯೇ ಕಲಿತಿದ್ದರು. ಆ ಕರೆ ಈಗಲೂ ನನಗೆ ಪೂರ್ತಿ ನೆನಪಿಲ್ಲ. ಭುಜದ ಮೇಲೆ ಫೋನು, ಪರದೆಯ ಮೇಲೆ ಸಾವಿರ ಸಾಲು, "ಅಕ್ಕ, ಇಲ್ಲಿ ನಿಮ್ಮ ಅಕ್ಷರ ಉಂಟು" ಎಂದು ಯಾರೋ ಸಂತೋಷದಿಂದ ಹೇಳಿದ್ದು, ಅಷ್ಟೇ ನೆನಪು. ಉಳಿದದ್ದನ್ನು ಬಾಗಿಲು ನೆನಪಿಟ್ಟುಕೊಂಡಿತ್ತು. ನಾನು ಅಲ್ಲೇ ನೆಲದ ರಬ್ಬರ್ ಹಾಸಿನ ಮೇಲೆ ಕೂತೆ. ಅಳು ಬಂತು. ವಿಚಾರಣೆಯ ದಿನ ಅವರು ನನ್ನ ಕಡೆ ನೋಡಿದ್ದು ಯಾಕೆ ಎಂದು ಆಗ ಅರ್ಥವಾಯಿತು. ಬಟ್ಟೆಯನ್ನು ವಾಪಸು ಚೀಲದಲ್ಲಿಟ್ಟು, ಬಾಗಿಲಿನ ಫೋಟೋ ತೆಗೆದುಕೊಂಡೆ.

ಬಾಸ್ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. "ಇದು ಮಲಯಾಳವೇ?"

"ಕನ್ನಡ" ಎಂದೆ. "ನಾನು ಓದುತ್ತೇನೆ."

ಒಂದೊಂದು ಸಾಲನ್ನೂ ಇಂಗ್ಲಿಷಿಗೆ ಮಾಡಿ ಓದಿದೆ. ಹನ್ನೊಂದು ವರ್ಷ ಯಾರಿಗೆ ಗೊತ್ತಾಗಬಾರದು ಎಂದು ಆ ಭಾಷೆಯಲ್ಲಿ ಬರೆದಿದ್ದೆವೋ ಅವರಿಗೇ ಓದಿ ಹೇಳಿದೆ. ಕೊನೆಯ ಸಾಲಿಗೆ ಬಂದಾಗ ಅವರು ಕೇಳಿದರು, "ಈ ಅಕ್ಕ ಎನ್ನುವವರು ಯಾರು? ನಮ್ಮಲ್ಲಿ ಆ ಹೆಸರಿನವರು ಇದ್ದಾರೆಯೇ?"

"ನಾನೇ" ಎಂದೆ.

ಅವರು ಬೈದಿದ್ದರೆ ಚೆನ್ನಾಗಿತ್ತು. "ಮೂರು ದಿನದ ಹಿಂದೆ ಹೇಳಬಹುದಿತ್ತು" ಎಂದಷ್ಟೇ ಹೇಳಿ ಡ್ರಾಯರಿನಿಂದ ಕಾರ್ಡ್ ತೆಗೆದು ನನ್ನ ಕೈಗೇ ಕೊಟ್ಟರು. ಮಾಡೆಲ್‌ನ ಜವಾಬ್ದಾರಿ ಮರುದಿನದಿಂದ ಬೇರೆಯವರಿಗೆ ಹೋಗುತ್ತದೆ ಎಂದರು. ನನಗೆ ತಿಂಗಳ ವರದಿಗಳ ಕೆಲಸ, ಅದನ್ನೇ ಈಗಲೂ ಮಾಡುತ್ತಿದ್ದೇನೆ. ಎಲ್ಲ ಬಾಗಿಲುಗಳ ಫೋಟೋ ತೆಗೆದು, ಪ್ರತಿ ಕನ್ನಡ ಸಾಲನ್ನೂ ಇಂಗ್ಲಿಷಿಗೆ ಮಾಡಿ ಕೊಡಬೇಕೆಂದೂ ಹೇಳಿದರು. ಅದು ಇನ್ನೂ ಮುಗಿದಿಲ್ಲ.

ಮಧ್ಯಾಹ್ನವೇ ಫೋರ್‌ಮನ್ ಇರುವ ಮಾಹೂಝ್ ಬಡಾವಣೆಗೆ ಹೋದೆ. ಅವರು ಮನೆಯಿಂದ ಇಳಿದು ಬಂದು ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತರು. ಕಾರ್ಡ್ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡು ತಮ್ಮ ಫೋಟೋವನ್ನೇ ನೋಡುತ್ತ ಕೂತರು.

"ನೀವು ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. "ಫೋನ್ ಮಾಡಿದ್ದೆ ಅಂತ ಅಲ್ಲೇ ಹೇಳ್ಬಹುದಿತ್ತಲ್ಲ?"

"ಎಂಥ ಹೇಳುದು ಅಕ್ಕ" ಎಂದರು. "ನಾನು ಹೇಳಿ, ನೀವು ಇಲ್ಲ ಅಂದ್ರೆ? ಮತ್ತೆ ನಿಮ್ಮ ಮುಖ ನಾನು ಹೇಗೆ ನೋಡುದು?" ಕಾರ್ಡನ್ನು ಜೇಬಿಗೆ ಹಾಕಿಕೊಂಡು ಅವರೇ ಮುಂದುವರಿಸಿದರು. "ಬಾಗಿಲಲ್ಲಿ ಬರ್ದದ್ದು ಉಂಟಲ್ಲ, ಒಂದು ಸಲ ಹೋಗಿ ನೋಡ್ತೀರಿ ಅಂತ ಗೊತ್ತಿತ್ತು. ನೀವಾದ್ದಕ್ಕೆ ಆಯ್ತು. ಬೇರೆಯವ್ರಾದ್ರೆ ಒರ್ಸಿ ಬಿಡ್ತಿದ್ರು."

ಕೈಚೀಲ ನಮ್ಮಿಬ್ಬರ ನಡುವೆ ಇತ್ತು, ಅದರೊಳಗೆ ಆ ಬಟ್ಟೆಯೂ ಇತ್ತು. ಬಿಸಿಲಿಗೆ ನಿಂತಿದ್ದ ಕಾರಿನ ತುಂಬ ಥಿನ್ನರಿನ ವಾಸನೆ ತುಂಬಿತ್ತು. ಇಪ್ಪತ್ತು ವರ್ಷ ಪ್ಯಾನೆಲುಗಳ ನಡುವೆ ಕೆಲಸ ಮಾಡಿದವರಿಗೆ ಅದರ ಗುರುತು ಸಿಗದೆ ಇರುತ್ತದೆಯೇ? ಅವರು ತಮ್ಮ ಕಡೆಯ ಕಿಟಕಿಯ ಗಾಜನ್ನು ಮೆಲ್ಲನೆ ಇಳಿಸಿ, ಹೊರಗೆ ನೋಡುತ್ತ, "ಮೇಲೆ ಬನ್ನಿ ಅಕ್ಕ, ಊಟ ಮಾಡಿ ಹೋಗುವಿರಂತೆ" ಎಂದರು.